ಅರ್ಜಿ ನಮೂನೆಗಳಲ್ಲಿ ಗುರುತಿನ ಸಂಖ್ಯೆಗಳ ನಮೂದು: ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳ ಅರ್ಜಿದಾರರಿಗೆ ವಿವರಣೆ

1. ಪೀಠಿಕೆ

ಸರ್ಕಾರದ ಸೇವೆಗಳಿಗೆ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರು ಒಂದಲ್ಲ ಒಂದು ಹಂತದಲ್ಲಿ ಉದ್ದನೆಯ ಸಂಖ್ಯೆಯೊಂದನ್ನು ನಮೂದಿಸಬೇಕಾಗುತ್ತದೆ. ಪಹಣಿಗೆ ಸರ್ವೆ ನಂಬರು, ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ, ಸಹಾಯಧನಕ್ಕೆ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಹಾಗೂ ಐ.ಎಫ್.ಎಸ್.ಸಿ. ಸಂಕೇತ, ಅರ್ಜಿಯ ಸ್ಥಿತಿ ತಿಳಿಯಲು ಸ್ವೀಕೃತಿ ಸಂಖ್ಯೆ, ಹೀಗೆ ಈ ಪಟ್ಟಿ ಉದ್ದವಾಗಿದೆ. ಇವುಗಳಲ್ಲಿ ಒಂದು ಅಂಕಿ ತಪ್ಪಿದರೂ ಅರ್ಜಿಯು ಮುಂದಿನ ಹಂತಕ್ಕೆ ಹೋಗುವುದಿಲ್ಲ. ಕೆಲವೊಮ್ಮೆ ಮುಂದಕ್ಕೆ ಹೋಗಿ ಬೇರೊಬ್ಬರ ದಾಖಲೆಗೆ ಸೇರಿಕೊಳ್ಳುತ್ತದೆ. ಎರಡನೆಯ ಸಂದರ್ಭವು ಮೊದಲನೆಯದಕ್ಕಿಂತ ಹೆಚ್ಚಿನ ತೊಂದರೆಯನ್ನುಂಟುಮಾಡುತ್ತದೆ.

ಈ ಸಂಖ್ಯೆಗಳ ರಚನೆ ಹೇಗಿದೆ, ತಪ್ಪುಗಳು ಎಲ್ಲಿ ಉಂಟಾಗುತ್ತವೆ, ಸುಲಭವಾದ ನಮೂನೆಯೆಂದರೆ ಹೇಗಿರಬೇಕು, ಹಾಗೂ ಅರ್ಜಿದಾರರು ವಹಿಸಬೇಕಾದ ಎಚ್ಚರಿಕೆಗಳೇನು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಸ್ವತಃ ಅರ್ಜಿ ಸಲ್ಲಿಸುವವರಿಗೆ, ಮನೆಯ ಹಿರಿಯರ ಪರವಾಗಿ ಅರ್ಜಿ ತುಂಬುವ ವಿದ್ಯಾರ್ಥಿಗಳಿಗೆ ಹಾಗೂ ಸೇವಾ ಕೇಂದ್ರಗಳ ಗಣಕಯಂತ್ರ ನಿರ್ವಾಹಕರಿಗೆ ಈ ಮಾಹಿತಿಯು ಉಪಯುಕ್ತವಾಗುವುದೆಂದು ಆಶಿಸಲಾಗಿದೆ.

2. ಹೆಸರಿದ್ದರೂ ಸಂಖ್ಯೆ ಏಕೆ?

"ನಮ್ಮ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಬರೆದಿದ್ದೇವೆ, ಮತ್ತೇಕೆ ಸಂಖ್ಯೆ?" ಎಂಬ ಪ್ರಶ್ನೆ ಸಹಜವಾದುದು. ಮಂಡ್ಯ ಜಿಲ್ಲೆಯ ಯಾವುದೇ ಗ್ರಾಮದಲ್ಲಿ ಸಿದ್ದೇಗೌಡ, ಬೋರೇಗೌಡ, ಚಿಕ್ಕತಾಯಮ್ಮ, ಜಯಮ್ಮ ಎಂಬ ಹೆಸರಿನವರು ಹಲವರಿರುತ್ತಾರೆ. ತಂದೆ ಮತ್ತು ಮಗನ ಹೆಸರುಗಳ ಜೋಡಿಯೂ ಒಂದೇ ಆಗಿರುವುದುಂಟು. ಮೇಲಾಗಿ ಒಬ್ಬರ ಹೆಸರನ್ನೇ ಒಂದು ದಾಖಲೆಯಲ್ಲಿ "ಸಿದ್ಧೇಗೌಡ" ಎಂದೂ ಇನ್ನೊಂದರಲ್ಲಿ "ಸಿದ್ದೇಗೌಡ ಎಂ." ಎಂದೂ ಬರೆದಿರುತ್ತಾರೆ. ಮನುಷ್ಯರು ಇವೆರಡೂ ಒಂದೇ ಎಂದು ಊಹಿಸಬಲ್ಲರು. ಗಣಕಯಂತ್ರಕ್ಕೆ ಅವು ಎರಡು ಬೇರೆ ಹೆಸರುಗಳು. ಆದುದರಿಂದ ಪ್ರತಿ ವ್ಯಕ್ತಿಗೆ, ಪ್ರತಿ ಜಮೀನಿಗೆ, ಪ್ರತಿ ಪ್ರಮಾಣಪತ್ರಕ್ಕೆ ಮತ್ತೊಂದಕ್ಕೆ ಹೋಲದ ಸಂಖ್ಯೆಯನ್ನು ನೀಡಲಾಗುತ್ತದೆ.

ಇದು ಸರ್ಕಾರಿ ಸೇವೆಗಳಿಗಷ್ಟೇ ಸೀಮಿತವಾದ ಪದ್ಧತಿಯಲ್ಲ. ಗಣಕಯಂತ್ರಕ್ಕೆ ತಂತ್ರಾಂಶವನ್ನು ಖರೀದಿಸಿದವರು ಅದನ್ನು ಬಳಕೆಗೆ ತರುವ ಮುನ್ನ ಪರವಾನಗಿ ಸಂಖ್ಯೆಯನ್ನು ನಮೂದಿಸಬೇಕಾಗಿರುವುದನ್ನು ಹಲವರು ಬಲ್ಲರು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ತಂತ್ರಾಂಶದ ಪರವಾನಗಿ ಸಂಖ್ಯೆಯು 25 ಅಕ್ಷರ ಮತ್ತು ಅಂಕಿಗಳನ್ನು ಒಳಗೊಂಡಿದ್ದು, ಐದೈದರ ಐದು ಗುಂಪುಗಳಾಗಿ ಮುದ್ರಿತವಾಗಿರುತ್ತದೆ. ಇಂಗ್ಲಿಷಿನ "ಓ" ಅಕ್ಷರವನ್ನು ಸೊನ್ನೆಯೆಂದೂ "ಐ" ಅಕ್ಷರವನ್ನು ಒಂದು ಎಂದೂ ತಪ್ಪಾಗಿ ಓದುವ ಸಂಭವವಿರುವ ಕಾರಣ, ಈ ನಾಲ್ಕನ್ನೂ ಆ ಸಂಖ್ಯೆಗಳಲ್ಲಿ ಬಳಸುವುದಿಲ್ಲ. ನಮ್ಮ ವಾಹನಗಳ ನೋಂದಣಿಯಲ್ಲಿಯೂ ಇದೇ ವಿವೇಕವಿದೆ. ಮಂಡ್ಯದ ಕೆ.ಎ. 11 ಸಂಕೇತದ ನಂತರ ಬರುವ ಸರಣಿ ಅಕ್ಷರಗಳಲ್ಲಿ "ಐ" ಮತ್ತು "ಓ" ಇರುವುದಿಲ್ಲ. ಓದುವವರು ತಪ್ಪಬಹುದಾದ ಕಡೆ ತಪ್ಪಿಗೆ ಅವಕಾಶವನ್ನೇ ಕೊಡದಿರುವುದು ಉತ್ತಮ ರಚನೆಯ ಮೊದಲ ಲಕ್ಷಣ.

3. ಪಹಣಿಯ ನಮೂನೆ: ಮದ್ದೂರಿನಿಂದ ಆರಂಭವಾದ ಪದ್ಧತಿ

ಸಂಖ್ಯೆಯ ನಮೂದನ್ನು ಸರಳಗೊಳಿಸುವುದು ಹೇಗೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಉತ್ತಮ ನಿದರ್ಶನವಿದೆ. ಕಂದಾಯ ಇಲಾಖೆಯ "ಭೂಮಿ" ಯೋಜನೆಯನ್ನು ಮೊದಲಿಗೆ ಪ್ರಾಯೋಗಿಕವಾಗಿ ಜಾರಿಗೆ ತಂದದ್ದು ಮದ್ದೂರು ತಾಲ್ಲೂಕಿನಲ್ಲಿ. ಅದುವರೆಗೆ ಗ್ರಾಮ ಲೆಕ್ಕಿಗರು ಕೈಬರಹದಲ್ಲಿ ನಿರ್ವಹಿಸುತ್ತಿದ್ದ ಪಹಣಿಗಳನ್ನು ಗಣಕಯಂತ್ರಕ್ಕೆ ಅಳವಡಿಸಿ, ಮುದ್ರಿತ ಪ್ರತಿಯನ್ನು ಮೂಲ ದಾಖಲೆಯೊಂದಿಗೆ ಹೋಲಿಸಿ, ತಿದ್ದಿದ ನಂತರ ವಿತರಣೆಗೆ ಒದಗಿಸಲಾಯಿತು. ಬಳಿಕ ಯೋಜನೆಯು ರಾಜ್ಯದ ಅಂದಿನ 177 ತಾಲ್ಲೂಕು ಕೇಂದ್ರಗಳಿಗೆ ವಿಸ್ತರಿಸಿ, ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಒಳಗೊಂಡಿತು. ಆರಂಭದ ವರ್ಷಗಳಲ್ಲಿ ಒಂದು ಪಹಣಿಗೆ 15 ರೂಪಾಯಿ ಶುಲ್ಕವಿತ್ತು.

ಭೂಮಿ ಜಾಲತಾಣದಲ್ಲಿ ಪಹಣಿಯನ್ನು ವೀಕ್ಷಿಸುವ ನಮೂನೆಯನ್ನು ಗಮನಿಸಿ. ಅಲ್ಲಿ ಅರ್ಜಿದಾರರು ಜಿಲ್ಲೆ, ತಾಲ್ಲೂಕು, ಹೋಬಳಿ ಮತ್ತು ಗ್ರಾಮವನ್ನು ಬರೆಯಬೇಕಾಗಿಲ್ಲ, ಪಟ್ಟಿಯಿಂದ ಆರಿಸಿಕೊಂಡರೆ ಸಾಕು. ಮಂಡ್ಯ ಜಿಲ್ಲೆಯನ್ನು ಆರಿಸಿದ ಕೂಡಲೇ ಆ ಜಿಲ್ಲೆಯ ತಾಲ್ಲೂಕುಗಳು ಮಾತ್ರ ಕಾಣುತ್ತವೆ. ಮಳವಳ್ಳಿಯನ್ನು ಆರಿಸಿದರೆ ಕಸಬಾ, ಕಿರುಗಾವಲು, ಹಲಗೂರು, ಬೊಪ್ಪೇಗೌಡನಪುರ ಹೋಬಳಿಗಳು ಕಾಣುತ್ತವೆ. ಕೈಯಿಂದ ನಮೂದಿಸಬೇಕಾದುದು ಸರ್ವೆ ನಂಬರು ಒಂದೇ. ಅದನ್ನು ನೀಡಿದ ನಂತರ ಆ ಸರ್ವೆ ನಂಬರಿಗೆ ಸೇರಿದ ಸರ್ನೋಕ್ ಮತ್ತು ಹಿಸ್ಸಾ ಸಂಖ್ಯೆಗಳು ಪುನಃ ಪಟ್ಟಿಯಾಗಿಯೇ ದೊರೆಯುತ್ತವೆ.

ಈ ರಚನೆಯಿಂದಾಗುವ ಅನುಕೂಲಗಳು ಮೂರು:

(ಅ) ಕೈಯಿಂದ ಬರೆಯುವುದು ಕಡಿಮೆಯಾದಷ್ಟೂ ತಪ್ಪು ಕಡಿಮೆಯಾಗುತ್ತದೆ.

(ಆ) ಇಲ್ಲದ ಹಿಸ್ಸಾ ಸಂಖ್ಯೆಯನ್ನು ನಮೂದಿಸಲು ಸಾಧ್ಯವೇ ಇರುವುದಿಲ್ಲ.

(ಇ) ಒಂದೇ ಹೆಸರಿನ ಗ್ರಾಮಗಳು ಬೇರೆ ಬೇರೆ ಹೋಬಳಿಗಳಲ್ಲಿದ್ದರೂ ಗೊಂದಲಕ್ಕೆ ಎಡೆಯಾಗುವುದಿಲ್ಲ.

ಅರ್ಜಿದಾರರಿಗೆ ಸಾಮಾನ್ಯವಾಗಿ ಸಂಶಯ ಉಂಟಾಗುವುದು ನಕ್ಷತ್ರ ಚಿಹ್ನೆಯನ್ನು ಕಂಡಾಗ. ಸರ್ನೋಕ್ ಅಥವಾ ಹಿಸ್ಸಾ ಪಟ್ಟಿಯಲ್ಲಿ ನಕ್ಷತ್ರ ಚಿಹ್ನೆಯಿದ್ದರೆ ಆ ಸರ್ವೆ ನಂಬರಿಗೆ ಅಂತಹ ಉಪಸಂಖ್ಯೆಯಿಲ್ಲವೆಂದು ಅರ್ಥ. ಅದು ದೋಷವಲ್ಲ. ಅದನ್ನೇ ಆರಿಸಿಕೊಂಡು ಮುಂದುವರಿಯತಕ್ಕದ್ದು. ಹಾಗೆಯೇ ಕ್ರಯಪತ್ರದಲ್ಲಿ "45/2" ಎಂದಿದ್ದರೆ ಸರ್ವೆ ನಂಬರಿನ ಅಂಕಣದಲ್ಲಿ 45 ಎಂದು ಮಾತ್ರ ಬರೆಯಬೇಕು. ಓರೆ ಗೆರೆಯನ್ನಾಗಲಿ 2 ಎಂಬ ಹಿಸ್ಸಾವನ್ನಾಗಲಿ ಅಲ್ಲಿ ಸೇರಿಸಬಾರದು.

4. ಆರ್.ಡಿ. ಸಂಖ್ಯೆ: ವಿದ್ಯಾರ್ಥಿಗಳ ಗಮನಕ್ಕೆ

ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರದಿಂದ ಪಡೆಯುವ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಮುಂತಾದವುಗಳ ಮೇಲೆ "ಆರ್.ಡಿ." ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯಿರುತ್ತದೆ. ಎರಡು ಅಕ್ಷರಗಳು ಮತ್ತು 13 ಅಂಕಿಗಳು ಸೇರಿ ಒಟ್ಟು 15 ಸ್ಥಾನಗಳಾಗುತ್ತವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ಅರ್ಜಿಯಲ್ಲಿ ಹಾಗೂ ರಾಜ್ಯ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮೀಸಲಾತಿ ಮತ್ತು ಆದಾಯದ ಅರ್ಹತೆಯನ್ನು ಪರಿಶೀಲಿಸುವುದು ಈ ಸಂಖ್ಯೆಯ ಆಧಾರದಿಂದಲೇ.

ಹಲಗೂರು ಹೋಬಳಿಯ ವಿದ್ಯಾರ್ಥಿನಿಯೊಬ್ಬಳು ಅರ್ಜಿ ತುಂಬುತ್ತಿದ್ದಾಳೆಂದು ಭಾವಿಸೋಣ. ಪ್ರಮಾಣಪತ್ರ ಅವಳ ಕೈಯಲ್ಲಿದೆ, ಅರ್ಹತೆಯೂ ಇದೆ. ಆದರೆ ಆರ್.ಡಿ. ನಂತರದ ಎರಡು ಸೊನ್ನೆಗಳಲ್ಲಿ ಒಂದನ್ನು ಬಿಟ್ಟು ನಮೂದಿಸುತ್ತಾಳೆ. ನಮೂನೆಯು ಅದೇ ಕ್ಷಣದಲ್ಲಿ "15 ಸ್ಥಾನಗಳಿರಬೇಕು, 14 ಇವೆ" ಎಂದು ತಿಳಿಸಿದರೆ ಅವಳು ತಿದ್ದಿಕೊಂಡು ಮುಂದುವರಿಯುತ್ತಾಳೆ. "ಅಮಾನ್ಯ ಸಂಖ್ಯೆ" ಎಂದಷ್ಟೇ ತೋರಿಸಿದರೆ ಪ್ರಮಾಣಪತ್ರವೇ ಸರಿಯಿಲ್ಲವೆಂದು ಭಾವಿಸಿ, ಒಂದು ದಿನದ ತರಗತಿ ಅಥವಾ ಮನೆಯವರ ಕೂಲಿಯನ್ನು ಬಿಟ್ಟು ನಾಡಕಚೇರಿಗೆ ಹೋಗುತ್ತಾಳೆ. ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿದ್ದರೆ ಅವಕಾಶವೇ ಕೈತಪ್ಪಬಹುದು. ನಮೂನೆಯಲ್ಲಿನ ಒಂದು ವಾಕ್ಯದ ವ್ಯತ್ಯಾಸವು ಕುಟುಂಬವೊಂದಕ್ಕೆ ಇಷ್ಟು ಮಹತ್ವದ್ದಾಗಿರುತ್ತದೆ.

ಆರ್.ಡಿ. ಸಂಖ್ಯೆಯ ಬಗ್ಗೆ ಗಮನಿಸಬೇಕಾದ ಅಂಶಗಳು:

(ಅ) ಜಾತಿ ಪ್ರಮಾಣಪತ್ರ ಹಾಗೂ ಆದಾಯ ಪ್ರಮಾಣಪತ್ರ ಬೇರೆ ಬೇರೆಯಾಗಿದ್ದಲ್ಲಿ ಅವುಗಳ ಆರ್.ಡಿ. ಸಂಖ್ಯೆಗಳೂ ಬೇರೆ ಬೇರೆ. ಒಂದರ ಸಂಖ್ಯೆಯನ್ನು ಇನ್ನೊಂದರ ಅಂಕಣದಲ್ಲಿ ನಮೂದಿಸಬಾರದು.

(ಆ) ಸೊನ್ನೆಗಳನ್ನು ಎಣಿಸಿಕೊಂಡು ನಮೂದಿಸಬೇಕು. ಆರಂಭದ ಸೊನ್ನೆಗಳೂ ಸಂಖ್ಯೆಯ ಭಾಗವೇ ಆಗಿವೆ.

(ಇ) ಮಗುವಿನ ಪ್ರಮಾಣಪತ್ರದ ಬದಲಿಗೆ ಸೋದರ ಅಥವಾ ಸೋದರಿಯ ಪ್ರಮಾಣಪತ್ರದ ಸಂಖ್ಯೆಯನ್ನು ನೀಡಿದರೆ, ಸಂಖ್ಯೆ ಸರಿಯಿದ್ದರೂ ಹೆಸರು ಹೊಂದಿಕೆಯಾಗುವುದಿಲ್ಲ.

5. ತಪ್ಪುಗಳು ಉಂಟಾಗುವ ಬಗೆ

ಉದ್ದನೆಯ ಸಂಖ್ಯೆಯನ್ನು ನೋಡಿಕೊಂಡು ಬರೆಯುವಾಗ ಉಂಟಾಗುವ ತಪ್ಪುಗಳನ್ನು ಮುಖ್ಯವಾಗಿ ಐದು ಬಗೆಯಾಗಿ ವಿಂಗಡಿಸಬಹುದು.

(1) ಒಂದು ಅಂಕಿ ಬದಲಾಗುವುದು. 3ರ ಬದಲು 8, 1ರ ಬದಲು 7 ಇತ್ಯಾದಿ.

(2) ಅಕ್ಕಪಕ್ಕದ ಅಂಕಿಗಳು ಅದಲುಬದಲಾಗುವುದು. 47 ಎಂಬುದು 74 ಆಗುವುದು.

(3) ಒಂದೇ ಅಂಕಿ ಹಲವು ಬಾರಿ ಬಂದಲ್ಲಿ ಒಂದನ್ನು ಬಿಡುವುದು ಅಥವಾ ಹೆಚ್ಚಿಗೆ ಬರೆಯುವುದು. ಮೂರು ಸೊನ್ನೆಗಳಿದ್ದಲ್ಲಿ ಎರಡೇ ಬೀಳುವುದು ಇದಕ್ಕೆ ಉದಾಹರಣೆ.

(4) ಅಕ್ಷರ ಮತ್ತು ಅಂಕಿಗಳ ನಡುವೆ ಗೊಂದಲ. ಸೊನ್ನೆಯ ಬದಲು "ಓ" ಅಕ್ಷರ, 5ರ ಬದಲು "ಎಸ್" ಅಕ್ಷರ.

(5) ಲಿಪಿಯ ಗೊಂದಲ. ಹಳೆಯ ಪಹಣಿ, ಕ್ರಯಪತ್ರ ಹಾಗೂ ಪಾಲುಪಟ್ಟಿಗಳಲ್ಲಿ ಕನ್ನಡ ಅಂಕಿಗಳಿರುತ್ತವೆ. ಮಸಿ ಮಾಸಿದ ಕಾಗದದಲ್ಲಿ ೬ ಮತ್ತು ೯ ಅಂಕಿಗಳನ್ನು ಒಂದಕ್ಕೊಂದು ತಪ್ಪಾಗಿ ಓದುವುದು ಸುಲಭ. ಇಂಗ್ಲಿಷ್ ಅಂಕಿಗಳ ರೂಢಿಯಿರುವ ಇಂದಿನ ಯುವಕರು ೧ ಅನ್ನು ಸೊನ್ನೆಯೆಂದು ಓದುವುದೂ ಉಂಟು. ಇಂತಹ ದಾಖಲೆಯನ್ನು ಓದುವಾಗ ಮನೆಯ ಹಿರಿಯರ ನೆರವನ್ನು ಪಡೆಯುವುದು ಒಳಿತು.

ಮನುಷ್ಯರ ನೆನಪಿಗೂ ಮಿತಿಯಿದೆ. ಒಂದು ನೋಟಕ್ಕೆ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲದ್ದು ಸುಮಾರು ಏಳು ಅಂಶಗಳೆಂದು ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಿಳಿಸಿದರು. ಅದು ಇನ್ನೂ ಕಡಿಮೆ, ನಾಲ್ಕರ ಸುಮಾರು, ಎಂಬುದು ನಂತರದ ಸಂಶೋಧನೆಗಳ ಅಭಿಪ್ರಾಯ. ಆಧಾರ್ ಪತ್ರದ ಮೇಲೆ 12 ಅಂಕಿಗಳನ್ನು ನಾಲ್ಕು ನಾಲ್ಕರ ಮೂರು ಗುಂಪುಗಳಾಗಿ ಮುದ್ರಿಸಿರುವುದರಿಂದ ಓದಲು ಸುಲಭವಾಗುತ್ತದೆ. ಗುಂಪು ಮಾಡದೆ ಮುದ್ರಿಸಿದ ಸಂಖ್ಯೆಗಳನ್ನೂ ಅರ್ಜಿದಾರರು ಮನಸ್ಸಿನಲ್ಲಿಯೇ ಮೂರು ಅಥವಾ ನಾಲ್ಕರ ಗುಂಪುಗಳಾಗಿ ಓದಿಕೊಳ್ಳಬಹುದು.

6. ಪರಿಶೀಲನಾ ಅಂಕಿ: ಗಣಕಯಂತ್ರವು ತಪ್ಪನ್ನು ಗುರುತಿಸುವ ವಿಧಾನ

ಆಧಾರ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ನಮೂನೆಯು ಕೂಡಲೇ ತಿಳಿಸುತ್ತದೆ. ಅದು ಸಾಧ್ಯವಾಗುವುದು ಕೊನೆಯ ಅಂಕಿಯಿಂದ. 12 ಅಂಕಿಗಳಲ್ಲಿ ಮೊದಲಿನ 11ರಿಂದ ಲೆಕ್ಕ ಹಾಕಿ 12ನೆಯದನ್ನು ನಿಗದಿಪಡಿಸಲಾಗಿರುತ್ತದೆ. ಇದಕ್ಕೆ ಪರಿಶೀಲನಾ ಅಂಕಿ ಎಂದು ಹೆಸರು.

ಇದರ ತತ್ವವನ್ನು ಚಿಕ್ಕ ಉದಾಹರಣೆಯಿಂದ ತಿಳಿಯಬಹುದು. 4726 ಎಂಬ ಸಂಖ್ಯೆಯಿದೆಯೆಂದು ಭಾವಿಸಿ. ಅಂಕಿಗಳನ್ನು ಕೇವಲ ಕೂಡಿಸಿದರೆ 19 ಬರುತ್ತದೆ. ಆದರೆ ಅದಲುಬದಲಾಗಿ 4276 ಎಂದು ಬರೆದರೂ ಮೊತ್ತ 19ೇ. ಆದುದರಿಂದ ಕೇವಲ ಕೂಡುವುದರಿಂದ ಪ್ರಯೋಜನವಿಲ್ಲ. ಅದರ ಬದಲು ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 3ರಿಂದ, ನಾಲ್ಕನೆಯದನ್ನು 4ರಿಂದ ಗುಣಿಸಿ ಕೂಡಿಸಬೇಕು. ಆಗ 4, 14, 6, 24 ಸೇರಿ 48 ಆಗುತ್ತದೆ. ಇದನ್ನು 11ರಿಂದ ಭಾಗಿಸಿದರೆ ಉಳಿಯುವುದು 4. ಈ 4 ಅನ್ನು ಕೊನೆಗೆ ಸೇರಿಸಿ 47264 ಎಂದು ನೀಡಲಾಗುತ್ತದೆ.

ಅರ್ಜಿದಾರರು ತಪ್ಪಾಗಿ 42764 ಎಂದು ನಮೂದಿಸಿದರೆ ಲೆಕ್ಕವು 4, 4, 21, 24 ಸೇರಿ 53 ಆಗುತ್ತದೆ. 11ರಿಂದ ಭಾಗಿಸಿದರೆ ಉಳಿಯುವುದು 9. ಕೊನೆಯ ಅಂಕಿ 4 ಇರುವುದರಿಂದ ಎಲ್ಲಿಯೋ ತಪ್ಪಾಗಿದೆಯೆಂದು ಗಣಕಯಂತ್ರಕ್ಕೆ ತಿಳಿಯುತ್ತದೆ. ಪುಸ್ತಕಗಳ ಹಿಂಬದಿಯಲ್ಲಿರುತ್ತಿದ್ದ 10 ಸ್ಥಾನಗಳ ಐ.ಎಸ್.ಬಿ.ಎನ್. ಸಂಖ್ಯೆಯಲ್ಲಿ 11ರಿಂದ ಭಾಗಿಸುವ ಇಂತಹುದೇ ಕ್ರಮವಿತ್ತು. 2007ರಿಂದ ಆ ಸಂಖ್ಯೆಯು 13 ಅಂಕಿಗಳದ್ದಾಗಿ, ಲೆಕ್ಕದ ಕ್ರಮವೂ ಬದಲಾಗಿದೆ.

ಆಧಾರ್ ಸಂಖ್ಯೆಗೆ ಬಳಸಿರುವುದು ನೆದರ್‌ಲೆಂಡ್ಸ್ ದೇಶದ ಗಣಿತಜ್ಞ ವರ್‌ಹೂಫ್ ಅವರು 1969ರಲ್ಲಿ ಪ್ರಕಟಿಸಿದ ವಿಧಾನ. ಒಂದು ಅಂಕಿಯ ಬದಲಾವಣೆಯನ್ನೂ, ಅಕ್ಕಪಕ್ಕದ ಎರಡು ಅಂಕಿಗಳ ಅದಲುಬದಲನ್ನೂ ಅದು ತಪ್ಪದೆ ಗುರುತಿಸುತ್ತದೆ. ಆಧಾರ್ ಸಂಖ್ಯೆಯ ಮೊದಲ ಅಂಕಿ ಎಂದಿಗೂ 0 ಅಥವಾ 1 ಆಗಿರುವುದಿಲ್ಲ ಎಂಬುದನ್ನೂ ಗಮನಿಸಬಹುದು.

ಎಲ್ಲ ಸಂಖ್ಯೆಗಳಲ್ಲಿಯೂ ಈ ರಕ್ಷಣೆಯಿಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದ 6 ಅಂಕಿಯ ಅಂಚೆ ಪಿನ್ ಸಂಕೇತದಲ್ಲಿ ಪರಿಶೀಲನಾ ಅಂಕಿ ಇರುವುದಿಲ್ಲ. ಮಂಡ್ಯದ ಸಂಕೇತ 571401, ಮದ್ದೂರಿನದು 571428, ಮಳವಳ್ಳಿಯದು 571430. ಮೂರರಲ್ಲಿಯೂ ಮೊದಲ ನಾಲ್ಕು ಅಂಕಿಗಳು ಒಂದೇ. ಕೊನೆಯ ಎರಡು ಅಂಕಿಗಳು ತಪ್ಪಿದರೆ ಸಂಕೇತವು ಬೇರೊಂದು ಅಂಚೆ ಕಚೇರಿಯದಾಗಬಹುದು, ನಮೂನೆಯು ಯಾವ ಎಚ್ಚರಿಕೆಯನ್ನೂ ನೀಡದಿರಬಹುದು. ಸರ್ವೆ ನಂಬರೂ ಇದೇ ಬಗೆಯದು. 45ರ ಬದಲು 54 ಎಂದು ನಮೂದಿಸಿದರೆ ಬೇರೊಬ್ಬರ ಪಹಣಿ ತೆರೆದುಕೊಳ್ಳುತ್ತದೆ. ಆದ್ದರಿಂದ ಪರದೆಯ ಮೇಲೆ ಕಾಣುವ ಖಾತೆದಾರರ ಹೆಸರು ಮತ್ತು ವಿಸ್ತೀರ್ಣವನ್ನು ಓದಿ ಖಚಿತಪಡಿಸಿಕೊಂಡ ನಂತರವೇ ಶುಲ್ಕ ಪಾವತಿಸಬೇಕು.

7. ರೂಪ ಸರಿಯಿದ್ದರೂ ಚಾಲ್ತಿಯಲ್ಲಿಲ್ಲದ ಸಂಖ್ಯೆ: ಬ್ಯಾಂಕ್ ಸಂಕೇತ

ಐ.ಎಫ್.ಎಸ್.ಸಿ. ಸಂಕೇತದಲ್ಲಿ 11 ಸ್ಥಾನಗಳಿವೆ. ಮೊದಲ ನಾಲ್ಕು ಅಕ್ಷರಗಳು ಬ್ಯಾಂಕನ್ನೂ, ಕೊನೆಯ ಆರು ಸ್ಥಾನಗಳು ಶಾಖೆಯನ್ನೂ ಸೂಚಿಸುತ್ತವೆ. ಐದನೆಯ ಸ್ಥಾನದಲ್ಲಿ ಯಾವಾಗಲೂ ಸೊನ್ನೆಯಿರುತ್ತದೆ. ಅದು "ಓ" ಅಕ್ಷರವಲ್ಲ. ಅಲ್ಲಿ ಅಕ್ಷರವನ್ನು ನಮೂದಿಸಿದರೆ ಸಂಕೇತವು ಸ್ವೀಕೃತವಾಗುವುದಿಲ್ಲ.

ಹಳೆಯ ಪಾಸ್ ಪುಸ್ತಕವುಳ್ಳವರು ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಂಡವು. ವಿಲೀನಗೊಂಡ ಬ್ಯಾಂಕುಗಳ ಹಳೆಯ ಸಂಕೇತಗಳು ಕ್ರಮೇಣ ರದ್ದಾಗಿವೆ. ಸಿಂಡಿಕೇಟ್ ಬ್ಯಾಂಕಿನ ಸಂಕೇತಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ. ಪಾಸ್ ಪುಸ್ತಕದಲ್ಲಿ ಮುದ್ರಿತವಾಗಿದ್ದರೂ, 11 ಸ್ಥಾನಗಳು ಸರಿಯಿದ್ದರೂ, ಅಂತಹ ಸಂಕೇತದಿಂದ ಸಹಾಯಧನವು ಖಾತೆಗೆ ತಲುಪುವುದಿಲ್ಲ. ಶಾಖೆಯಲ್ಲಿ ಹೊಸ ಸಂಕೇತವನ್ನು ಪಡೆದು ನಮೂದಿಸಬೇಕು.

8. ಸುಲಭವಾದ ನಮೂನೆಯ ಲಕ್ಷಣಗಳು

ತಂತ್ರಾಂಶದ ಪರವಾನಗಿ ಸಂಖ್ಯೆಯಿರಲಿ, ಆರ್.ಡಿ. ಸಂಖ್ಯೆಯಿರಲಿ, ಅದನ್ನು ಸ್ವೀಕರಿಸುವ ನಮೂನೆಯು ಬಳಕೆದಾರರಿಗೆ ಅನುಕೂಲಕರವಾಗಿರಲು ಈ ಕೆಳಕಂಡ ಲಕ್ಷಣಗಳಿರಬೇಕು. ಸೇವಾ ಕೇಂದ್ರ, ಸಹಕಾರ ಸಂಘ, ಶಾಲೆ ಹಾಗೂ ಗ್ರಾಮ ಪಂಚಾಯಿತಿಗಳಲ್ಲಿ ಸ್ವಂತ ನಮೂನೆಗಳನ್ನು ಸಿದ್ಧಪಡಿಸುವವರೂ ಇವನ್ನು ಅನುಸರಿಸಬಹುದು.

(1) ಸಂಖ್ಯೆಯು ದಾಖಲೆಯ ಯಾವ ಭಾಗದಲ್ಲಿದೆ, ಯಾವ ಅಕ್ಷರದಿಂದ ಆರಂಭವಾಗುತ್ತದೆ, ಎಷ್ಟು ಸ್ಥಾನಗಳಿವೆ ಎಂಬುದನ್ನು ಅಂಕಣದ ಪಕ್ಕದಲ್ಲಿಯೇ ತಿಳಿಸಿರಬೇಕು. ಈ ಸೂಚನೆಯು ಅಂಕಣದ ಒಳಗೆ ಮಾತ್ರ ಇದ್ದರೆ ಬರೆಯಲು ತೊಡಗಿದ ಕೂಡಲೇ ಮಾಯವಾಗುತ್ತದೆ. ಆದುದರಿಂದ ಹೊರಗೆ ಇರುವುದು ಉತ್ತಮ.

(2) ಉದ್ದನೆಯ ಸಂಖ್ಯೆಯನ್ನು ನಾಲ್ಕೈದು ಸಣ್ಣ ಅಂಕಣಗಳಾಗಿ ಒಡೆಯುವುದಕ್ಕಿಂತ ಒಂದೇ ಅಂಕಣದಲ್ಲಿ ಸ್ವೀಕರಿಸುವುದು ಒಳಿತು. ಅಂಕಣಗಳು ಹಲವಾದಾಗ ಬೇರೆಡೆಯಿಂದ ನಕಲು ಮಾಡಿದ ಸಂಖ್ಯೆಯ ಮೊದಲ ಭಾಗ ಮಾತ್ರ ಅಂಟಿಕೊಂಡು ಉಳಿದದ್ದು ಬಿಟ್ಟುಹೋಗುತ್ತದೆ, ಮಧ್ಯದ ತಪ್ಪನ್ನು ತಿದ್ದುವುದೂ ಕಷ್ಟವಾಗುತ್ತದೆ. ಒಂದೇ ಅಂಕಣದಲ್ಲಿಟ್ಟು, ಬರೆದಂತೆಲ್ಲ ನಾಲ್ಕು ನಾಲ್ಕರ ಗುಂಪುಗಳಾಗಿ ತೋರಿಸಿದರೆ ಓದುವ ಅನುಕೂಲವೂ ಉಳಿಯುತ್ತದೆ.

(3) ಖಾಲಿ ಜಾಗ, ಅಡ್ಡಗೆರೆ, ಸಣ್ಣಕ್ಷರ ಹಾಗೂ ದೊಡ್ಡಕ್ಷರಗಳ ವ್ಯತ್ಯಾಸವನ್ನು ನಮೂನೆಯೇ ಸರಿಪಡಿಸಿಕೊಳ್ಳಬೇಕು. ಆಧಾರ್ ಸಂಖ್ಯೆಯನ್ನು ಪತ್ರದಲ್ಲಿರುವಂತೆ ಬಿಡಿಸಿ ಬರೆದವರಿಗೆ ತಪ್ಪೆಂದು ಹೇಳುವುದು ಸರಿಯಲ್ಲ. ಕನ್ನಡ ಅಂಕಿಗಳಲ್ಲಿ ನಮೂದಿಸಿದರೂ ಅದನ್ನು ಪರಿವರ್ತಿಸಿಕೊಳ್ಳುವುದು ಗಣಕಯಂತ್ರಕ್ಕೆ ಕಷ್ಟದ ಕೆಲಸವಲ್ಲ.

(4) ತಪ್ಪನ್ನು ತಿಳಿಸುವ ವಾಕ್ಯವು ಆಯಾ ಅಂಕಣದ ಕೆಳಗೇ ಇರಬೇಕು, ಕನ್ನಡದಲ್ಲಿರಬೇಕು ಹಾಗೂ ಮುಂದೇನು ಮಾಡಬೇಕೆಂಬುದನ್ನು ತಿಳಿಸಬೇಕು. "ಅಮಾನ್ಯ" ಎಂಬುದು ಮಾಹಿತಿಯಲ್ಲ. "12 ಅಂಕಿಗಳಿರಬೇಕು, 11 ಇವೆ" ಎಂಬುದು ಮಾಹಿತಿ.

(5) ಒಂದು ಅಂಕಣದಲ್ಲಿ ತಪ್ಪಾದರೆ ಉಳಿದ ಅಂಕಣಗಳ ವಿವರಗಳು ಅಳಿಸಿಹೋಗಬಾರದು. ತಪ್ಪಾದ ಸಂಖ್ಯೆಯೂ ಹಾಗೆಯೇ ಉಳಿದಿರಬೇಕು. ಅದನ್ನು ನೋಡಿದರೆ ತಾನೆ ಅರ್ಜಿದಾರರು ತಿದ್ದಬಲ್ಲರು?

(6) ಸಂಖ್ಯೆಯನ್ನು ಚುಕ್ಕೆಗಳಿಂದ ಮರೆಮಾಡುವುದಾದಲ್ಲಿ, ಒಮ್ಮೆ ತೆರೆದು ನೋಡಿಕೊಳ್ಳುವ ಅನುಕೂಲವಿರಬೇಕು.

(7) ಮೊಬೈಲ್‌ನಲ್ಲಿ ಅಂಕಿಗಳ ಅಂಕಣವನ್ನು ಮುಟ್ಟಿದಾಗ ಅಂಕಿಗಳ ಕೀಲಿಮಣೆಯೇ ತೆರೆದುಕೊಳ್ಳಬೇಕು.

(8) ಅಂತಿಮವಾಗಿ ಸಲ್ಲಿಸುವ ಮುನ್ನ ಸಂಖ್ಯೆಯೊಂದಿಗೆ ಹೆಸರು, ಊರು, ಬ್ಯಾಂಕ್ ಶಾಖೆ ಮುಂತಾದವುಗಳನ್ನು ತೋರಿಸಿ ಒಪ್ಪಿಗೆ ಕೇಳಬೇಕು. ಅಂಕಿಗಳಲ್ಲಿನ ತಪ್ಪು ಕಣ್ಣಿಗೆ ಬೀಳದಿದ್ದರೂ ಬೇರೆಯವರ ಹೆಸರು ಕೂಡಲೇ ಕಣ್ಣಿಗೆ ಬೀಳುತ್ತದೆ.

9. ಕನ್ನಡದಲ್ಲಿ ಹೆಸರನ್ನು ನಮೂದಿಸುವಾಗ

ಕೆಲವು ನಮೂನೆಗಳಲ್ಲಿ ಸಂಖ್ಯೆಯ ಜೊತೆಗೆ ಹೆಸರನ್ನು ಕನ್ನಡದಲ್ಲಿಯೂ ನಮೂದಿಸಬೇಕಾಗುತ್ತದೆ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿಟ್ಟಿರುವ ಹೆಸರನ್ನು ನಕಲು ಮಾಡಿ ಅಂತರಜಾಲದ ನಮೂನೆಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹಳೆಯ ವಿನ್ಯಾಸದಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕೃತಿಗಳನ್ನು ಕೂರಿಸಿರುವುದು ಇದಕ್ಕೆ ಕಾರಣ. ಯುನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸ್ಥಾನವಿದೆ. ನಮೂನೆಗಳನ್ನು ತುಂಬುವಾಗ ಕೀಲಿಮಣೆಯನ್ನು ಯುನಿಕೋಡ್ ವಿಧಾನಕ್ಕೆ ಬದಲಿಸಿಕೊಂಡು ನೇರವಾಗಿ ಬೆರಳಚ್ಚು ಮಾಡತಕ್ಕದ್ದು.

10. ಅರ್ಜಿದಾರರಿಗೆ ಸೂಚನೆಗಳು

(1) ಮೂಲ ದಾಖಲೆಯನ್ನು ಎದುರಿಗಿಟ್ಟುಕೊಂಡೇ ಸಂಖ್ಯೆಯನ್ನು ನಮೂದಿಸಿ. ನೆನಪಿನಿಂದಾಗಲಿ, ಬೇರೆಯವರು ಚೀಟಿಯಲ್ಲಿ ಬರೆದುಕೊಟ್ಟದ್ದರಿಂದಾಗಲಿ ನಮೂದಿಸಬೇಡಿ.

(2) ನಮೂದಿಸಿದ ನಂತರ ಕೊನೆಯಿಂದ ಮೊದಲಿಗೆ ಒಂದೊಂದೇ ಅಂಕಿಯನ್ನು ಓದಿ ಹೋಲಿಸಿ. ಸಾಧ್ಯವಾದರೆ ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಪರದೆಯನ್ನು ನೋಡುವುದು ಉತ್ತಮ.

(3) ಸೇವಾ ಕೇಂದ್ರದಲ್ಲಿ ನಿರ್ವಾಹಕರು ಅರ್ಜಿಯನ್ನು ತುಂಬುತ್ತಿದ್ದರೆ, ಸಲ್ಲಿಸುವ ಮುನ್ನ ಪರದೆಯನ್ನು ತೋರಿಸುವಂತೆ ಕೇಳಿ. ಓದಲು ಬಾರದವರು ಗಟ್ಟಿಯಾಗಿ ಓದಿ ಹೇಳುವಂತೆ ಕೋರಬಹುದು.

(4) ಬ್ಯಾಂಕ್ ಖಾತೆ ಸಂಖ್ಯೆಯ ಆರಂಭದ ಸೊನ್ನೆಗಳನ್ನು ಬಿಡಬೇಡಿ. ಗಣಕಯಂತ್ರದ ಲೆಕ್ಕಪತ್ರ ತಂತ್ರಾಂಶಗಳಲ್ಲಿ ಸಂಖ್ಯೆಗಳ ಪಟ್ಟಿ ಮಾಡಿಟ್ಟುಕೊಂಡರೆ ಆರಂಭದ ಸೊನ್ನೆಗಳು ತಾವಾಗಿಯೇ ಅಳಿಸಿಹೋಗುತ್ತವೆ. ಆ ಕೋಶಗಳನ್ನು ಮೊದಲೇ ಪಠ್ಯರೂಪಕ್ಕೆ ನಿಗದಿಪಡಿಸಿಕೊಳ್ಳಬೇಕು.

(5) ಕೊನೆಯ ದಿನಾಂಕದವರೆಗೆ ಕಾಯದೆ, ತಿದ್ದುಪಡಿಗೆ ಕಾಲಾವಕಾಶ ಉಳಿಯುವಂತೆ ಅರ್ಜಿ ಸಲ್ಲಿಸಿ.

(6) ಸ್ವೀಕೃತಿ ಪತ್ರವನ್ನು ಪಡೆದು ಜೋಪಾನವಾಗಿಡಿ. ಸಕಾಲ ವ್ಯಾಪ್ತಿಯ ಸೇವೆಗಳಿಗೆ 15 ಅಂಕಿಯ ಜಿ.ಎಸ್.ಸಿ. ಸಂಖ್ಯೆಯನ್ನು ನೀಡಲಾಗುತ್ತದೆ. ಅರ್ಜಿಯ ಸ್ಥಿತಿ ತಿಳಿಯಲು ಹಾಗೂ ವಿಳಂಬವಾದಲ್ಲಿ ಮೇಲ್ಮನವಿ ಸಲ್ಲಿಸಲು ಅದೇ ಆಧಾರ.

(7) ಮೊಬೈಲ್‌ಗೆ ಬರುವ ಒಂದು ಬಾರಿಯ ಗುಪ್ತಸಂಖ್ಯೆಯನ್ನು ದೂರವಾಣಿಯಲ್ಲಿ ಕೇಳುವ ಯಾರಿಗೂ ತಿಳಿಸಬೇಡಿ. ಅಗತ್ಯವಿಲ್ಲದ ಕಡೆ ಪೂರ್ಣ ಆಧಾರ್ ಸಂಖ್ಯೆಯ ಬದಲಿಗೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನು ನೀಡಬಹುದು.

11. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಸರ್ವೆ ನಂಬರು ನಮೂದಿಸಿದರೆ ಬೇರೆಯವರ ಹೆಸರು ಬರುತ್ತಿದೆ. ಜಮೀನು ಅವರ ಹೆಸರಿಗೆ ಹೋಗಿದೆಯೇ?

ಉತ್ತರ: ಗಾಬರಿಯಾಗಬೇಕಾಗಿಲ್ಲ. ಮೊದಲಿಗೆ ಹೋಬಳಿ, ಗ್ರಾಮ, ಸರ್ವೆ ನಂಬರು ಮತ್ತು ಹಿಸ್ಸಾ ಸಂಖ್ಯೆಗಳನ್ನು ಹಳೆಯ ಪಹಣಿಯೊಂದಿಗೆ ಹೋಲಿಸಿ. ಅದೇ ಸರ್ವೆ ನಂಬರಿನ ಇನ್ನೊಂದು ಹಿಸ್ಸಾವನ್ನು ಆರಿಸಿರುವ ಸಂಭವವಿರುತ್ತದೆ. ಎಲ್ಲವೂ ಸರಿಯಿದ್ದು ಹೆಸರು ಮಾತ್ರ ಬೇರೆಯಾಗಿದ್ದರೆ ತಾಲ್ಲೂಕು ಕಚೇರಿಯನ್ನು ದಾಖಲೆಗಳೊಂದಿಗೆ ಸಂಪರ್ಕಿಸತಕ್ಕದ್ದು.

ಪ್ರಶ್ನೆ: ಆರ್.ಡಿ. ಸಂಖ್ಯೆ ಸರಿಯಾಗಿದ್ದರೂ "ಹೆಸರು ಹೊಂದಿಕೆಯಾಗುತ್ತಿಲ್ಲ" ಎಂದು ಬರುತ್ತಿದೆ. ಏನು ಮಾಡಬೇಕು?

ಉತ್ತರ: ಪ್ರಮಾಣಪತ್ರದಲ್ಲಿರುವ ಹೆಸರಿಗೂ ಶಾಲಾ ದಾಖಲೆಯಲ್ಲಿರುವ ಹೆಸರಿಗೂ ಕಾಗುಣಿತದ ಅಥವಾ ಮೊದಲಕ್ಷರದ ವ್ಯತ್ಯಾಸವಿರಬಹುದು. ಇದು ಸಂಖ್ಯೆಯ ತಪ್ಪಲ್ಲ. ಆದ್ದರಿಂದ ಸಂಖ್ಯೆಯನ್ನು ಮತ್ತೆ ಮತ್ತೆ ನಮೂದಿಸುವುದರಿಂದ ಪರಿಹಾರವಾಗದು. ಎರಡರಲ್ಲಿ ಯಾವುದು ತಪ್ಪಿದೆಯೋ ಅದನ್ನು ಸಂಬಂಧಪಟ್ಟ ಕಚೇರಿಯಲ್ಲಿ ತಿದ್ದಿಸಿಕೊಳ್ಳಬೇಕು.

ಪ್ರಶ್ನೆ: ಪ್ಯಾನ್ ಸಂಖ್ಯೆಯಲ್ಲಿ ಅಕ್ಷರ ಯಾವುದು, ಅಂಕಿ ಯಾವುದು ಎಂದು ತಿಳಿಯುವುದು ಹೇಗೆ?

ಉತ್ತರ: ಪ್ಯಾನ್‌ನ 10 ಸ್ಥಾನಗಳಲ್ಲಿ ಮೊದಲ ಐದು ಅಕ್ಷರಗಳು, ನಂತರದ ನಾಲ್ಕು ಅಂಕಿಗಳು, ಕೊನೆಯದು ಅಕ್ಷರ. ಆದುದರಿಂದ ಮೊದಲ ಐದರಲ್ಲಿ ದುಂಡಗೆ ಕಂಡದ್ದು "ಓ" ಅಕ್ಷರ, ಆರರಿಂದ ಒಂಬತ್ತನೆಯ ಸ್ಥಾನದಲ್ಲಿ ಕಂಡದ್ದು ಸೊನ್ನೆ. ವ್ಯಕ್ತಿಗಳ ಪ್ಯಾನ್‌ನಲ್ಲಿ ನಾಲ್ಕನೆಯ ಅಕ್ಷರವು "ಪಿ" ಆಗಿರುತ್ತದೆ.

ಪ್ರಶ್ನೆ: ತಪ್ಪು ಸಂಖ್ಯೆಯೊಂದಿಗೆ ಅರ್ಜಿ ಸಲ್ಲಿಕೆಯಾಗಿಬಿಟ್ಟಿದೆ. ಹೊಸ ಅರ್ಜಿ ಸಲ್ಲಿಸಬಹುದೇ?

ಉತ್ತರ: ಮೊದಲಿಗೆ ತಿದ್ದುಪಡಿಗೆ ಅವಕಾಶವಿದೆಯೇ ಎಂದು ಪರಿಶೀಲಿಸಿ. ಒಂದೇ ಸೇವೆಗೆ ಎರಡು ಅರ್ಜಿಗಳಿದ್ದಲ್ಲಿ ಎರಡೂ ಪರಿಶೀಲನೆಯಲ್ಲಿ ನಿಲ್ಲುವ ಸಂಭವವಿರುತ್ತದೆ. ಸ್ವೀಕೃತಿ ಸಂಖ್ಯೆಯೊಂದಿಗೆ ಅರ್ಜಿ ಸಲ್ಲಿಸಿದ ಕೇಂದ್ರವನ್ನು ಅಥವಾ ಕಚೇರಿಯನ್ನು ಸಂಪರ್ಕಿಸುವುದು ಸೂಕ್ತ.

ಪ್ರಶ್ನೆ: ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದರೆ?

ಉತ್ತರ: 2012ರಲ್ಲಿ ಜಾರಿಗೆ ಬಂದ ಸಕಾಲ ಕಾಯ್ದೆಯ ಪ್ರಕಾರ ಅರ್ಜಿಯನ್ನು ತಿರಸ್ಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ವಿಳಂಬವಾದಲ್ಲಿ ಅರ್ಜಿದಾರರು ಮೇಲ್ಮನವಿ ಸಲ್ಲಿಸಬಹುದು. ವಿಳಂಬದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳ ಪರಿಹಾರ ವೆಚ್ಚಕ್ಕೆ ಕಾಯ್ದೆಯಲ್ಲಿ ಅವಕಾಶ ಕಲ್ಪಿಸಲಾಗಿದೆ.

12. ಮುಕ್ತಾಯ

ಸಂಖ್ಯೆಯೊಂದನ್ನು ತಪ್ಪಾಗಿ ನಮೂದಿಸುವುದು ಓದು ಬಾರದಿರುವುದರ ಅಥವಾ ಅಜಾಗರೂಕತೆಯ ಲಕ್ಷಣವೆಂದು ಭಾವಿಸಬೇಕಾಗಿಲ್ಲ. 15 ಸ್ಥಾನಗಳ ಸಂಖ್ಯೆಯನ್ನು ನೋಡಿ ಬರೆಯುವಾಗ ಯಾರಾದರೂ ತಪ್ಪಬಹುದು. ತಪ್ಪಾಗದಂತೆ ನಮೂನೆಯನ್ನು ರಚಿಸುವುದು, ತಪ್ಪಾದರೆ ಸ್ಪಷ್ಟವಾಗಿ ತಿಳಿಸುವುದು ನಮೂನೆಯನ್ನು ಸಿದ್ಧಪಡಿಸುವವರ ಹೊಣೆ. ದಾಖಲೆಯನ್ನು ಎದುರಿಗಿಟ್ಟುಕೊಂಡು ಎರಡು ಬಾರಿ ಓದುವುದು ಅರ್ಜಿದಾರರ ಹೊಣೆ. ಎರಡೂ ಕಡೆಯ ಎಚ್ಚರಿಕೆ ಕೂಡಿದಾಗ ಕಚೇರಿಯ ಅಲೆದಾಟ ತಪ್ಪುತ್ತದೆ, ಸೇವೆಯು ಅರ್ಹರಿಗೆ ಸಕಾಲದಲ್ಲಿ ತಲುಪುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಮೇಲ್ಕಂಡ ಸೂಚನೆಗಳನ್ನು ಒಮ್ಮೆ ಓದಿಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.